ಪಾರಿಶ್ವಾಡವನ್ನು ದೂರ ತಳ್ಳಿದ ಗಣಕಯಂತ್ರಕ್ಕೆ

ಖಾನಾಪುರ, ೧೯೮೮

ಮಾನ್ಯ ಗಣಕಯಂತ್ರ ಮಹಾಶಯರೇ,

ಬೆಳಗಾವಿಯ ವಧೂವರ ಕೇಂದ್ರದಲ್ಲಿ, ಅಲ್ಲಿನ ಗುಮಾಸ್ತರಿಗೂ ಸಿಗದ ಫ್ಯಾನಿನ ಗಾಳಿಯಡಿ ವಿರಾಜಮಾನರಾಗಿರುವ ತಮಗೆ ಖಾನಾಪುರದ ಕನ್ಯಾಶಾಲೆಯ ಭೂಗೋಳ ಶಿಕ್ಷಕಿ ಕಾಂತಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಮ್ಮದು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ. ಆದ್ದರಿಂದ ಅಜ್ಜಿ ಅಕ್ಕಾತಾಯಿ ನನ್ನ ಮದುವೆಗೆ ಹಾಕಿದ್ದು ಒಂದೇ ಷರತ್ತು: "ಮೊಮ್ಮಗಳನ್ನ ನೋಡಿ ಬಂದು, ಬೆಳಕಿದ್ದಾಗ ನಮ್ಮ ಮನಿಯಾಗ ಉಣ್ಣುವಂಗ ಇರಬೇಕು." ನನ್ನ ತಂದೆ ಭೂಪಾಲರು ಇದನ್ನು ಇಪ್ಪತ್ತು ಕಿಲೋಮೀಟರ್ ಎಂದು ಅರ್ಥೈಸಿ, ಅದರೊಳಗಿನ ವರಗಳನ್ನು ಹುಡುಕಿಕೊಡಲು ತಮ್ಮನ್ನು ಬೇಡಿಕೊಂಡರು. ನಾನು ಮೆಚ್ಚಿದ ಪಾರಿಶ್ವಾಡದ ನೇಮಣ್ಣ ನಮ್ಮಿಂದ ಪೂರ್ವಕ್ಕೆ, ಆ ಎಲ್ಲೆಯ ಒಳಗೇ ಇದ್ದಾನೆ. ತಾವು ಅವನನ್ನು ಎಲ್ಲೆಯಾಚೆ ಎತ್ತಿಟ್ಟಿರಿ.

ಏಕೆಂದು ಕೇಂದ್ರದ ಗುಮಾಸ್ತ ಬಾಳಪ್ಪನವರನ್ನು ಕೇಳಿದೆ. "ನಕಾಶದಾಗ ಒಂದ್ ಡಿಗ್ರಿ ಅಂದ್ರ ನೂರಾ ಹನ್ನೊಂದು ಕಿಲೋಮೀಟರ್ ಅಂತ ಕೊಟ್ಟೇವ್ರೀ, ಯಾ ದಿಕ್ಕಿಗರ ಹೋಗ್ರಿ" ಎಂದರು. ಭೂಮಿ ಗುಂಡಗಿದೆ ಮಹಾಶಯರೇ. ಸಮಭಾಜಕದಿಂದ ಉತ್ತರಕ್ಕೆ ಬಂದಂತೆ ರೇಖಾಂಶಗಳು ಕಿತ್ತಳೆಯ ತೊಳೆಗಳಂತೆ ಒಂದಕ್ಕೊಂದು ಹತ್ತಿರವಾಗುತ್ತವೆ, ಹೀಗಾಗಿ ನಮ್ಮ ಕಡೆ ಪೂರ್ವ–ಪಶ್ಚಿಮದ ಡಿಗ್ರಿ ಉತ್ತರ–ದಕ್ಷಿಣದ ಡಿಗ್ರಿಗಿಂತ ಗಿಡ್ಡ. ತಾವು ಭೂಮಿಯನ್ನು ಹಪ್ಪಳದಂತೆ ಲಟ್ಟಿಸಿ, ಎರಡಕ್ಕೂ ಒಂದೇ ಅಳತೆ ಹಿಡಿದಿರಿ; ಪೂರ್ವದ ಪಾರಿಶ್ವಾಡ ಇದ್ದುದಕ್ಕಿಂತ ದೂರವಾಯಿತು.

ಅಪ್ಪನಿಗೆ ಕಿತ್ತಳೆ ಸುಲಿದೇ ತೋರಿಸಿದೆ. ಅವರು ಭೂಮಂಡಲವನ್ನು ತೊಳೆತೊಳೆಯಾಗಿ ತಿಂದು, "ಹಣ್ಣು ರುಚಿ ಐತಿ, ಆದ್ರ ಮಷೀನ್ ಸುಳ್ಳು ಹೇಳಂಗಿಲ್ಲ" ಎಂದರು. ಅಜ್ಜಿಯೋ, ನಿನ್ನೆ ಬಸ್ಸು ಹತ್ತಿ ಪಾರಿಶ್ವಾಡಕ್ಕೆ ಹೋಗಿ, ನೇಮಣ್ಣನ ತಾಯಿಯೊಡನೆ ಮನಸಾರೆ ಹರಟಿ, ಬೆಳಕಿರುವಾಗಲೇ ಮನೆಗೆ ಬಂದು ಉಂಡು ಕೈ ತೊಳೆದಳು. ಅಪ್ಪನಿಗೆ ಅದೂ ಸಾಲದು. ಹೆತ್ತ ತಾಯಿ ಹೋಗಿಬಂದು ಹೇಳಿದ್ದಕ್ಕಿಂತ ತಾವು ಕೂತಲ್ಲೇ ಹೇಳಿದ್ದು ಅವರಿಗೆ ವೇದವಾಕ್ಯ.

ಆದ್ದರಿಂದ ಸವಿನಯ ಪ್ರಾರ್ಥನೆ: ತಮ್ಮ ಲೆಕ್ಕದಲ್ಲೂ ಪಾರಿಶ್ವಾಡ ಎಲ್ಲೆಯೊಳಗೆ ಬರುವಂತೆ ಪೃಥ್ವಿಯನ್ನು ಹಿಂಡಿ ಕಿರಿದು ಮಾಡಿಸಬೇಕು, ಇಲ್ಲವೇ ನೇಮಣ್ಣನ ಮನೆಯನ್ನು ಕೊಟ್ಟಿಗೆ, ಎಮ್ಮೆ, ಗೊಬ್ಬರದ ಗುಂಡಿ ಸಮೇತ ಪಶ್ಚಿಮಕ್ಕೆ ಸರಿಸಿಕೊಡಬೇಕು. ಇವೆರಡೂ ತಮ್ಮ ಘನತೆಗೆ ಕಡಿಮೆ ಎನಿಸಿದರೆ, ಲೆಕ್ಕ ತಿದ್ದಿದರೂ ಸಾಕು. ನನಗೆ ನೇಮಣ್ಣನೇ ಬೇಕು, ತಮ್ಮ ತಪ್ಪಿಗೆ ಹೆದರಿ ಅವನನ್ನು ಬಿಡುವವಳು ನಾನಲ್ಲ.

ತಮ್ಮ ವಿಶ್ವಾಸಿ, ಮನಸ್ಸು ಮಾತ್ರ ಎಲ್ಲೆಯಾಚೆ ಇರುವ,
ಕಾಂತಾ ಭೂಪಾಲ

ತಾ.ಕ.: ನನ್ನ ಕೆಲಸ ಮುಗಿದ ಮೇಲೆ ಆ ತಪ್ಪನ್ನು ದಯವಿಟ್ಟು ಮತ್ತೆ ಇದ್ದಲ್ಲೇ ಇಟ್ಟುಬಿಡಿ. ಅಪ್ಪ ನನ್ನ ತಂಗಿಗೆಂದು ನೋಡಿಟ್ಟಿರುವ ಜಾಂಬೋಟಿ ಕಡೆಯ ವರ ಪಶ್ಚಿಮದ ಎಲ್ಲೆಗೆ ಅಂಟಿಕೊಂಡೇ ಇದ್ದಾನೆ, ಲೆಕ್ಕ ಸರಿಯಾದರೆ ಒಳಗೆ ಬಂದುಬಿಡುತ್ತಾನೆ, ಅವಳಿಗೆ ಅವನು ಸುತರಾಂ ಬೇಡ.