ಮೋಡ ಹತ್ತಿದ ಬಾಗಿಲುಗಳು

ಅಂಚೆಯಣ್ಣ ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡ. ಆಪರೇಷನ್ ಆಗಿತ್ತು, ಎಚ್ಚರವಾಗಲಿಲ್ಲ.

ಕೆಲಸದಲ್ಲಿದ್ದಷ್ಟು ಕಾಲ ತಾನು ಕಾಗದ ಹಂಚಿದ ಮನೆಗಳ ಬಾಗಿಲುಗಳ ಫೋಟೊ ತೆಗೆದು, ಪ್ರತಿಯೊಂದರ ಕೆಳಗೆ ಎರಡು ಸಾಲು ಬರೆದು, ಒಂದು ವೆಬ್‌ಸೈಟಿನಲ್ಲಿ ಜೋಡಿಸಿಟ್ಟಿದ್ದ. ಊರಿನ ಬಾಗಿಲೆಲ್ಲ ಅಲ್ಲಿದ್ದವು, ಜೀವದ ಗೆಳೆಯ ಫಿಸಿಕ್ಸ್ ಮೇಷ್ಟ್ರ ಮನೆಯದೊಂದು ಬಿಟ್ಟು. ಮೇಷ್ಟ್ರು ಮುನಿಸಿಕೊಂಡಾಗಲೆಲ್ಲ ಅಂಚೆಯಣ್ಣನದು ಒಂದೇ ಉತ್ತರ: “ಮೊದಲು ಬಣ್ಣ ಹೊಡಿ ಕಣೋ, ಆಮೇಲೆ ನೋಡೋಣ.”

ಅವನು ಹೋದ ಕೆಲವೇ ವಾರಗಳಲ್ಲಿ ಸೈಟು ಕುಂಟತೊಡಗಿತು. ಪಾಸ್‌ವರ್ಡು ಮೇಷ್ಟ್ರ ಬಳಿಯಿತ್ತು. ಒಂದು ಬೆಳಿಗ್ಗೆ ಲೋಟ ಕುಕ್ಕಿ ಘೋಷಿಸಿದರು:

“ಶೇರ್ಡ್ ಹೋಸ್ಟಿಂಗ್ ಅಂದ್ರೆ ಒಂದೇ ಸರ್ವರಿನಲ್ಲಿ ಹತ್ತಾರು ಸೈಟು, ವಠಾರ ಕಣೇ! ಪಕ್ಕದವನು ನಲ್ಲಿ ತಿರುಗಿಸಿದ್ರೆ ನಮಗೆ ನೀರಿಲ್ಲ. ಅವನ ಬಾಗಿಲುಗಳನ್ನ ಕ್ಲೌಡಿಗೆ ಸಾಗಿಸ್ತೀನಿ. ಸ್ವಂತ ಮನೆ! ಮೋಡದ ಮೇಲೆ!”

“ಹೋದ ಸಲ ಬೀರು ಸಾಗಿಸ್ತೀನಿ ಅಂದ್ರಿ,” ಎಂದರು ಹೆಂಡತಿ. “ಅದು ಇವತ್ತಿಗೂ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಿದೆ.”

ವೀರರು ಇಂಥ ಮಾತಿಗೆ ಕಿವಿಗೊಡುವುದುಂಟೆ? ಮೇಷ್ಟ್ರು ಹೊಸ ಸರ್ವರ್ ಎಬ್ಬಿಸಿದರು, ಪುಟಗಳನ್ನು ಏರಿಸಿದರು, ವಿಳಾಸವನ್ನು ಅತ್ತ ತಿರುಗಿಸಿದರು. ಸೈಟು ತೆರೆಯಿತು. ಬಾಗಿಲೆಲ್ಲ ಥಳಥಳ!

“ಬಂದು ನೋಡೇ! ಒಂದು ಚಿಲಕ ಸಡಿಲಾಗಿದ್ರೆ ಕೇಳು!”

ಗೆದ್ದ ಅಮಲಿನಲ್ಲಿ ಹಳೆಯ ಹೋಸ್ಟಿಂಗ್ ಖಾತೆಯನ್ನು ಮುಚ್ಚಿದರು. ‘ಎಲ್ಲ ಅಳಿಸಲೇ?’ ಎಂದು ಅದು ಕೇಳಿತು. ‘ಖಂಡಿತವೇ?’ ಎಂದು ಮತ್ತೆ ಕೇಳಿತು. ಎರಡಕ್ಕೂ ಹೂಂ ಅಂದರು.

ಮತ್ತೆ ತೆರೆದಾಗ ಒಂದು ಬಾಗಿಲೂ ಇಲ್ಲ! ‘ಇಲ್ಲಿ ತಟ್ಟಿದರೆ ಮೊದಲು ನಾಯಿ ಬರುತ್ತದೆ, ಆಮೇಲೆ ಅಜ್ಜಿ’ ಎಂಬ ಸಾಲಿನ ಮೇಲೆ ಖಾಲಿ ಚೌಕ. ಅದರ ಕೆಳಗೂ ಚೌಕ. ಊರಿಗೆ ಊರೇ ಬಾಗಿಲಿಲ್ಲದೆ ಬಯಲಾಗಿತ್ತು. ಬಂದಿದ್ದು ಬರಹ ಮಾತ್ರ. ಚಿತ್ರಗಳು ಕದಲಿರಲೇ ಇಲ್ಲ. ಹೊಸ ಸೈಟು ಅವುಗಳನ್ನು ಇಷ್ಟು ಹೊತ್ತೂ ಹಳೆಯ ಸರ್ವರಿನಿಂದಲೇ ತಂದು ತೋರಿಸುತ್ತಿತ್ತು.

“ಅಂದ್ರೆ ಹೊಸ ಮನೇಲಿ ಕೂತು ವಠಾರದ ನಲ್ಲಿ ನೀರೇ ಕುಡೀತಿದ್ರಿ,” ಎಂದರು ಹೆಂಡತಿ.

ಹಳೆಯ ಹೋಸ್ಟಿಂಗ್ ಕಂಪನಿಗೆ ಫೋನು ಹೋಯಿತು. “ಅಳಿಸಿದ್ದು ಅಳಿಸಿದ ಹಾಗೇ ಸರ್. ಬ್ಯಾಕಪ್ ಇಟ್ಟಿಲ್ವಾ?”

ಮೇಷ್ಟ್ರು ಫೋನು ಕೆಳಗಿಟ್ಟರು. “ಅವನು ಜೀವಮಾನವೆಲ್ಲ ನಡೆದು ನಡೆದು ಕೂಡಿಸಿದ್ದು ಕಣೇ. ನಾನು ಕೂತಲ್ಲೇ ಕಳೆದೆ.”

ಹೆಂಡತಿ ಅಡ್ಡ ನಿಂತ ಬೀರುವನ್ನು ಬಳಸಿ ಒಳಗೆ ಹೋಗಿ, ಡಬ್ಬಿಯೊಂದರಿಂದ ಪೆನ್‌ಡ್ರೈವ್ ತಂದು ಮೇಜಿನ ಮೇಲಿಟ್ಟರು.

“ಅಂಚೆಯಣ್ಣ ಆಸ್ಪತ್ರೆಗೆ ಹೋಗ್ತಾ ಕೊಟ್ಟು ಹೋದ್ರು. ಎಲ್ಲಾ ಇದೆಯಂತೆ. ನೀವು ಸ್ನಾನಕ್ಕೆ ಹೋಗಿದ್ರಿ.”

“ಇಷ್ಟು ದಿನ ಬಾಯಿ ಬಿಡಲಿಲ್ಲವಲ್ಲೇ!”

“‘ನನಗೇನಾದ್ರೂ ಆದ್ರೆ ಅವನು ಸೈಟಿಗೆ ಕೈ ಹಾಕೇ ಹಾಕ್ತಾನೆ ತಂಗೀ. ಪೂರ್ತಿ ಕೆಡಿಸಿದ ಮೇಲೆ ಕೊಡು. ಮೊದಲೇ ಕೊಟ್ರೆ ಇದನ್ನೂ ಕೆಡಿಸ್ತಾನೆ’ ಅಂದ್ರು. ಇವತ್ತಿಗೆ ಪೂರ್ತಿ ಆಯ್ತಲ್ಲ?”

ಬಾಗಿಲೆಲ್ಲ ಅದರಲ್ಲಿದ್ದವು. ಕಟ್ಟಕಡೆಯದು ಆಸ್ಪತ್ರೆ ಸೇರುವ ಹಿಂದಿನ ಸಂಜೆ, ಬೀದಿಯ ಆಚೆ ಬದಿಗೆ ನಿಂತು ತೆಗೆದದ್ದು. ಚಕ್ಕೆಯೆದ್ದ ಹಸಿರು ಬಣ್ಣ, ವಾರೆಯಾದ ಕಾಗದದ ಡಬ್ಬಿ. ಮೇಷ್ಟ್ರ ಮನೆಯದೇ. ಅದರ ಕೆಳಗೆ ಅಂಚೆಯಣ್ಣ ಎಂದಿನಂತೆ ಎರಡು ಸಾಲು ಬರೆದಿದ್ದ:

‘ಇನ್ನೂ ಬಣ್ಣ ಹೊಡೆದಿಲ್ಲ.
ಕಾದದ್ದು ಸಾಕು.’