ಬೋನಿನ ಬೆಕ್ಕೂ ನಮ್ಮತ್ತೆಯ ಸಿಟ್ಟೂ

ನಮ್ಮತ್ತೆಗೆ ಸಿಟ್ಟು ಬಂದಿದೆಯೇ ಎಂದು ಯಾರೂ ಕೇಳುವುದಿಲ್ಲ. ಇವತ್ತು ಯಾರ ಮೇಲೆ ಎಂದು ಮಾತ್ರ ಕೇಳುತ್ತಾರೆ!

ಅತ್ತೆ ನಮ್ಮಪ್ಪನ ತಂಗಿ, ಪಶುವೈದ್ಯೆ. ಹಿಂದೂಪುರದ ಹೊರಗೆ ಬೆಕ್ಕಿನ ಆಹಾರ ಪರೀಕ್ಷಿಸುವ ಕೇಂದ್ರವೊಂದರಲ್ಲಿದ್ದರು. ತಿಂದದ್ದು ಬೆಕ್ಕಿನ ಮೈಗೆ ಎಷ್ಟು ಹತ್ತಿತು, ಎಷ್ಟು ಹೊರಗೆ ಹೋಯಿತು ಎಂದು ಅಳೆಯಲು ಅದನ್ನು ಕೆಲವು ದಿನ ಬೋನಿನಲ್ಲಿಡಬೇಕು. ಹೆದರಿದ ಬೆಕ್ಕು ತಿನ್ನುವುದೇ ಇಲ್ಲ. ಇನ್ನು ಅಳೆಯುವುದೇನನ್ನು, ಅತ್ತೆಯ ತಲೆಯನ್ನೇ? ಹಾಗಾಗಿ ಬೋನು ರೂಢಿ ಮಾಡಿಸುವುದೇ ಅವರ ಕೆಲಸ. ಬಾಗಿಲು ತೆರೆದಿಟ್ಟು, ಬೆಕ್ಕು ಮಲಗುತ್ತಿದ್ದ ಬಟ್ಟೆಯನ್ನೇ ಒಳಗೆ ಹಾಸಿ, ಎದುರಿಗೆ ಕುಳಿತು ತಾವೂ ಡಬ್ಬಿಯ ಮುದ್ದೆ ಮುರಿಯುವರು. ಒಂದು ಗಳಿಗೆ ಬಾಗಿಲು ಮುಚ್ಚಿ ತೆರೆಯುವರು. ಮರುದಿನ ಇನ್ನೊಂದಿಷ್ಟು ಹೊತ್ತು.

ಆ ತಾಳ್ಮೆಯೆಲ್ಲ ಬೆಕ್ಕಿಗೆ! ನಾನು ನೋಡಲು ಹೋದರೆ, "ಎತ್ತಿನ ಗಾಡಿ ಬಂದಂಗೆ ಬಂದ್ಬುಟ್ಟೆಯಲ್ಲೋ! ಆಚೆ ನಡಿ ಕಣ್ಲಾ!"

ಒಂದು ಬೂದಿ ಬಣ್ಣದ ಬೆಕ್ಕು ಮಾತ್ರ ಏನು ಮಾಡಿದರೂ ಬೋನಿನಲ್ಲಿ ತಿನ್ನಲು ಬಾಯಿ ತೆರೆಯಲಿಲ್ಲ. ಮೂಲೆಗೆ ಮುಖ ಮಾಡಿ ನಡುಗುತ್ತಿತ್ತು. ಕೇಂದ್ರದ ನಿರ್ದೇಶಕರಿಗೆ ಅವಸರ.

"ಮೇಡಂ, ನಾಳೆಯೇ ಅಳತೆ ಶುರು ಮಾಡಿ. ಬೀಗ ಹಾಕಿದರೆ ತಾನೇ ತಿನ್ನುತ್ತೆ."

ಅತ್ತೆಗೆ ಸಿಟ್ಟು ನೆತ್ತಿಗೇರಿದರೆ ಮೊದಲು ಬರುವುದು ತೆಲುಗು. "ಮೀರೇ ಕೂರ್ಚೋಂಡಿ ಸಾರ್ ಲೋಪಲ! ನೀವೇ ಒಳಗೆ ಕೂತ್ಕೊಳ್ಳಿ, ನಾನು ಬೀಗ ಹಾಕ್ತೀನಿ. ಬಿರಿಯಾನಿ ಇಡ್ತೀನಿ. ಅದೆಂಗೆ ತಿಂತೀರೋ ನೋಡಾನ!"

"ಹಾಗಾದರೆ ಈ ಬೆಕ್ಕೂ ಬೇಡ, ನೀವೂ ಬೇಡ," ಎಂದರು ನಿರ್ದೇಶಕರು.

ಬೆಕ್ಕನ್ನು ಬುಟ್ಟಿಗೆ ಹಾಕಿಕೊಂಡು ಅತ್ತೆ ತಮ್ಮ ಮನೆಯಿದ್ದ ಕಲ್ಯಾಣದುರ್ಗದ ಬಸ್ಸು ಹತ್ತಿಯೇಬಿಟ್ಟರು! ಬೆಕ್ಕನ್ನು ಇಳಿಸಿ ಎಂದ ಕಂಡಕ್ಟರನಿಗೆ, "ನಿನ್ನನ್ನ ಇಳಿಸ್ತೀನಿ ಕಣಪ್ಪ" ಎಂದರಂತೆ.

ಈಗ ಸಿಟ್ಟು ಬಂದದ್ದು ನನಗೆ. ಒಂದು ಬೆಕ್ಕಿಗಾಗಿ ಇದ್ದ ಕೆಲಸ ಕಳೆದುಕೊಳ್ಳುವುದೇ? ಇವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ? ಆ ಭಾನುವಾರವೇ ಕಲ್ಯಾಣದುರ್ಗಕ್ಕೆ ಹೋದೆ. ಬಾಗಿಲಲ್ಲೇ ದನಿ ಎತ್ತಿದೆ: "ಅತ್ತೆ, ನಿಮಗೆ ಬುದ್ಧಿ..."

ಅತ್ತೆ ಓಡಿಬಂದು ನನ್ನ ಬಾಯಿ ಮುಚ್ಚಿದರು. ಮಂಚದ ಕೆಳಗಿನಿಂದ ಬೂದಿ ತಲೆಯೊಂದು ಹೊರಗೆ ಬಂದು, ತಟ್ಟೆಯ ಮೊಸರನ್ನವನ್ನು ಅನುಮಾನದಿಂದ ನೆಕ್ಕುತ್ತಿತ್ತು.

"ಆಮ್ಯಾಕೆ ಬೈಯ್ಯೋವಂತೆ ಕಣಪ್ಪ," ಅತ್ತೆ ಪಿಸುಗುಟ್ಟಿದರು. "ಈಗ ಉಣ್ತಾ ಐತೆ."