ಉಮಾನಾಥರ ಪುನುಗು ಬೇಟೆ

ಎಲ್ಲದಕ್ಕೂ ಕಾರಣ ಒಂದು ಚಿಪ್ಪು ಬಾಳೆಹಣ್ಣು. ಬನ್ಸ್ ಮಾಡಲೆಂದು ವಾರಿಜಾಕ್ಷಿ ಕಳಿಯಲು ಇಟ್ಟಿದ್ದ ಹಣ್ಣನ್ನು, ಮಲೇಶಿಯಾದ ಪುಚೊಂಗಿನ ಅವರ ಮನೆಯ ಮಾಡಿನ ಹೆಂಚಿನಡಿ ಬಿಡಾರ ಹೂಡಿದ್ದ ಪುನುಗುಬೆಕ್ಕು ಸಿಪ್ಪೆಯಷ್ಟೇ ಬಿಟ್ಟು ಸ್ವಾಹಾ ಮಾಡಿತ್ತು.

"ಲಾಕ್‌ಡೌನ್ ಶುರುವಾದಾಗಿಂದ ನಿಮ್ಮ ಆ ಅಮೆರಿಕದ ಬೇಟೆಗಾರ ಕೇಲಬ್‌ನ ಪುರಾಣ ಕೇಳಿ ಕಿವಿ ತೂತಾಯ್ತು ಮಾರಾಯ್ರೇ," ಎಂದು ವಾರಿಜಾಕ್ಷಿ ಗಂಡ ಉಮಾನಾಥರನ್ನು ತರಾಟೆಗೆ ತೆಗೆದುಕೊಂಡಳು. "ಹಿಮದಲ್ಲಿ ಒಬ್ಬನೇ ಇದ್ದನಂತೆ, ಬೀವರ್ ಹಿಡಿದನಂತೆ, ನಕ್ಷೆಯಲ್ಲಿಲ್ಲದ ನದಿ ಹುಡುಕಿದನಂತೆ! ನಿಮ್ಗೆ ಮಾಡಿನ ಮೇಲಿನ ಒಂದು ಬೆಕ್ಕು ಹಿಡೀಲಿಕ್ಕೆ ಆಗೂದಿಲ್ಲ. ಇವತ್ತು ಹಿಡೀದಿದ್ರೆ, ಕನ್ನಡ ಸಂಘದ ಝೂಮ್‌ನಲ್ಲಿ ನೀವು ಅವನ ಬಗ್ಗೆ ಭಾಷಣ ಶುರು ಮಾಡಿದ ಕೂಡ್ಲೇ ಈ ಬೆಕ್ಕಿನ ಕಥೆ ನಾನೇ ಎಲ್ಲರೆದುರು ಹೇಳ್ತೇನೆ!"

ಭಾಷಣ ರಾತ್ರಿ ಎಂಟಕ್ಕೆ. ಉಮಾನಾಥರು ಮಂಕಿ ಟೋಪಿ ಏರಿಸಿ ಅಂಗಳಕ್ಕಿಳಿದರು. ಬಟ್ಟೆ ಬುಟ್ಟಿಯನ್ನು ಬೋರಲು ಹಾಕಿ, ಒಂದು ಬದಿ ಎತ್ತಿ ಕೋಲು ಆನಿಸಿ, ಕೋಲಿಗೆ ಹಗ್ಗ ಕಟ್ಟಿದರು. ಪ್ರಾಣಿ ಬರುವುದು ವಾಸನೆಗೆ ಎಂಬುದು ಕೇಲಬ್‌ನ ಸೂತ್ರ. ವಾಸನೆಯೆಂದರೆ ಊರಿಗೆಲ್ಲ ನಾರುವ ದುರಿಯನ್ ಹಣ್ಣು!

ಮೂಲೆಯಂಗಡಿಯಿಂದ ತಂದ ಹಣ್ಣನ್ನು ಒಡೆದು ಮೂಗಿಗೆ ಹಿಡಿದರು. ಏನೂ ಇಲ್ಲ. ಥತ್, ಮೋಸ! ತಿರುಗಿ ಓಡಿದರು. "ಟಾಪ್ ಗ್ರೇಡ್ ಲಾ, ಅಂಕಲ್!" ಎಂದು ಅಂಗಡಿಯವನು ಎದೆ ಮುಟ್ಟಿಕೊಂಡು ಇನ್ನೆರಡು ಕೊಟ್ಟ. ಅವಕ್ಕೂ ವಾಸನೆಯಿಲ್ಲ. ಗುಣದಲ್ಲಿ ಕಡಿಮೆಯಾದದ್ದನ್ನು ಪ್ರಮಾಣದಲ್ಲಿ ತುಂಬಿಸೋಣವೆಂದು ಉಮಾನಾಥರು ತೊಳೆಗಳನ್ನು ಬುಟ್ಟಿಗೆ, ಗೋಡೆಗೆ, ನೀರಿನ ಪೈಪಿಗೆ ಬಳಿದರು. ಮನುಷ್ಯನ ವಾಸನೆ ಅಡಗಬೇಕಲ್ಲ, ತಮ್ಮ ಅಂಗಿಗೂ ಕಾಲಿಗೂ ಗಂಧದಂತೆ ಲೇಪಿಸಿಕೊಂಡರು.

"ಪಪ್ಪಾ, ಐ ಕಾಂಟ್ ಬ್ರೀದ್ ಲಾ!" ಮಹಡಿಯಿಂದ ಮಗಳು ತನ್ವಿ ಕಿರುಚಿ ಕಿಟಕಿ ಮುಚ್ಚಿದಳು.

"ತಾಯಿ ಮಗಳದ್ದು ಒಂದೇ ನಾಟಕ," ಎಂದು ಉಮಾನಾಥರು ಗೊಣಗಿದರು.

ಅಷ್ಟರಲ್ಲಿ ಪಕ್ಕದ ಮನೆಯ ಡಾಕ್ಟರ್ ರಮಾನಂದರು ಮಾಸ್ಕಿನ ಮೇಲೆ ಮಾಸ್ಕ್ ಹಾಕಿಕೊಂಡು ಗೇಟಿಗೆ ಬಂದರು. "ಏನಿದು ಉಮಾನಾಥ್ರೇ! ಇಡೀ ಬೀದಿ ಗಬ್ಬು ನಾರ್ತಾ ಉಂಟು!"

"ನೀವೂ ಶುರು ಮಾಡಿದ್ರಾ? ಇದಕ್ಕೆ ವಾಸನೆ ಎಲ್ಲುಂಟು ಡಾಕ್ಟ್ರೇ? ಬೇಕಾದ್ರೆ ನನ್ನ ಕೈ ಮೂಸಿ ನೋಡಿ!"

ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. "ಬೆಳಿಗ್ಗೆ ಕಾಫಿ ಪರಿಮಳ ಬಂತಾ?"

"ಇಲ್ಲ. ವಾರಿಜ ಪುಡಿ ಕಡಿಮೆ ಹಾಕಿದ್ಳು."

ಡಾಕ್ಟರು ರಸ್ತೆಗಿಳಿದರು. "ಮಧ್ಯಾಹ್ನದ ಸಾರು?"

"ಅದೂ ಸಪ್ಪೆ. ಅವ್ಳಿಗೆ ಈಗೀಗ ಅಡಿಗೆಯಲ್ಲಿ ಮನಸ್ಸೇ ಇಲ್ಲ."

"ಅಲ್ಲೇ ನಿಲ್ಲಿ! ಅಲ್ಲಾಡ್ಬೇಡಿ!" ಡಾಕ್ಟರು ಆಚೆ ಬದಿಯ ಚರಂಡಿ ದಾಟಿ ಕೂಗಿದರು.

ಗೇಟಿನ ಮೇಲಿಂದ ಅವರು ಎಸೆದ ಕೋವಿಡ್ ಪರೀಕ್ಷೆಯ ಕಿಟ್‌ನಲ್ಲಿ ಎರಡು ಗೆರೆ ಮೂಡಿತು. ತಾಯಿ ಮಗಳಿಗೆ ಒಂದೇ ಗೆರೆ, ಪುಣ್ಯ. ಮೈಗೆ ಬೇರೇನೂ ತೊಂದರೆಯಿಲ್ಲದ ಉಮಾನಾಥರನ್ನು ಸ್ನಾನ ಮಾಡಿಸಿ ಮಹಡಿಯ ಕೋಣೆಗೆ ದಬ್ಬಿ, ವಾರಿಜಾಕ್ಷಿ ಹೊರಗಿನಿಂದ ಚಿಲಕ ಹಾಕಿದಳು. ಫೋನು, ಲ್ಯಾಪ್‌ಟಾಪು ಎಲ್ಲ ಕೆಳಗೇ ಉಳಿದವು.

ಎಂಟು ಹೊಡೆಯಿತು. ಉಮಾನಾಥರು ಕಿಟಕಿಯಿಂದ ಇಣುಕಿದರು. ಅಯ್ಯೋ ದೇವರೇ! ಅಂಗಳದಲ್ಲಿ, ಬುಟ್ಟಿಯಡಿ ಸರಿಯಾಗಿ ನಡುಮಧ್ಯೆ ಕೂತು ಪುನುಗು ಪಟ್ಟಾಗಿ ದುರಿಯನ್ ಹೊಡೆಯುತ್ತಿತ್ತು. ಹಗ್ಗದ ತುದಿ ಕೆಳಗೆ ಬಾಗಿಲ ಪಕ್ಕ ಬಿದ್ದಿತ್ತು.

"ವಾರಿಜಾ! ಹಗ್ಗ ಎಳೆಯೇ! ಬಿದ್ದಿದೆ, ಬೋನಿಗೆ ಬಿದ್ದಿದೆ!" ಉಮಾನಾಥರು ಬಾಗಿಲು ಬಡಿದರು.

"ಸ್ವಲ್ಪ ಸುಮ್ಮನಿರಿ ಮಾರಾಯ್ರೇ!" ಕೆಳಗಿನಿಂದ ಹೆಂಡತಿಯ ದನಿ ಬಂತು. "ಸಂಘದವರೆಲ್ಲ ಕಾಯ್ತಾ ಇದ್ದಾರೆ. ನಿಮ್ಮ ಭಾಷಣ ನಾನೇ ಮಾಡ್ತಿದ್ದೇನೆ. ಕೇಲಬ್ ಹಿಮದಲ್ಲಿ ಒಬ್ಬನೇ ಇದ್ದದ್ದು ಈಗ ಬಂತು!"